ಅಂಗಡಿ ಗಪ್ಪಿ, ತೊಟ್ಟಿ ಗಪ್ಪಿ: ಒಂದು ವರ್ಷದ ಲೆಕ್ಕ

ಗಪ್ಪಿ ಅಂದರೆ ಸುಲಭಕ್ಕೆ ಸಾಯದ ಮೀನು ಅಂತಲೇ ನಾವು ತಿಳಿದು ಬೆಳೆದದ್ದು. ಶಾಲೆಯಿಂದ ಬರುವಾಗ ಮೋರಿಯಲ್ಲಿ ಹಿಡಿದು ಹಾರ್ಲಿಕ್ಸ್ ಬಾಟಲಿಗೆ ಹಾಕಿದರೆ, ದಿನಕ್ಕೆ ನಾಲ್ಕು ಅಗುಳು ಅನ್ನ ಉದುರಿಸಿದರೆ ಸಾಕು, ತಿಂಗಳುಗಟ್ಟಲೆ ಇರುತ್ತಿದ್ದವು, ಮರಿಯನ್ನೂ ಹಾಕುತ್ತಿದ್ದವು. ಈ ಜನವರಿಯಲ್ಲಿ ತುಮಕೂರಿನ ನಮ್ಮ ಮನೆಯ 75 ಲೀಟರ್ ಟ್ಯಾಂಕಿಗೆ 12 ಅಂಗಡಿ ಗಪ್ಪಿ ತಂದೆ. 20 ದಿನಕ್ಕೆ ಉಳಿದದ್ದು 2. ಅಲ್ಲಿಂದ ಶುರುವಾದ ಕೆಲಸ ಇದು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದನ್ನು ಒಟ್ಟಿಗೆ ಹಾಕುತ್ತಿದ್ದೇನೆ.

ಜನವರಿ

ಟ್ಯಾಂಕ್ ಹೊಸದಲ್ಲ, ಎರಡು ವರ್ಷದಿಂದ ನಡೆಯುತ್ತಿದೆ. ಸ್ಪಂಜ್ ಫಿಲ್ಟರ್ ಇದೆ, ಅಮೋನಿಯಾ ಸೊನ್ನೆ. ಹಾಗಾಗಿ ನೀರು ಕೆಟ್ಟು ಸತ್ತವು ಅನ್ನುವ ಹಾಗಿಲ್ಲ. ನಾಲ್ಕನೇ ದಿನ ಎರಡು ಮೀನು ಬಾಲ ಮಡಚಿಕೊಂಡು ಮೂಲೆಗೆ ಸೇರಿದವು, ನಿಂತಲ್ಲೇ ಒಂಥರಾ ನಡುಗುತ್ತಿದ್ದವು. ಮಾರನೇ ದಿನ ಒಂದರ ಬೆನ್ನ ಮೇಲೆ, ಕುದುರೆಗೆ ಜೀನು ಹಾಕಿದ ಹಾಗೆ, ಮಾಸಲು ಬಿಳಿ ಪಟ್ಟೆ. ನಾನು ಅದನ್ನು ಬಿಳಿ ಚುಕ್ಕೆ ರೋಗ ಅಂದುಕೊಂಡೆ. ಹೀಟರ್ ಹಾಕಿ 30 ಡಿಗ್ರಿಗೆ ಏರಿಸಿದೆ.

ಅದೇ ತಪ್ಪು. ಬೆನ್ನ ಮೇಲಿನ ಆ ಪಟ್ಟೆ, ಬಾಯಿಯ ಸುತ್ತ ಹತ್ತಿ ಮೆತ್ತಿದ ಹಾಗೆ ಕಾಣುವುದು, ಇವೆಲ್ಲ ಕಾಲಮ್ನಾರಿಸ್ ಅನ್ನುವ ಬ್ಯಾಕ್ಟೀರಿಯಾದ ಗುರುತು. ನೋಡಲು ಬೂಷ್ಟಿನ ಹಾಗಿರುತ್ತದೆ, ಆದರೆ ಬೂಷ್ಟಲ್ಲ. ಬಿಸಿ ನೀರಿನಲ್ಲಿ ಅದು ಇನ್ನೂ ಬೇಗ ಹಬ್ಬುತ್ತದೆ. ಬಿಳಿ ಚುಕ್ಕೆ ವಾಸಿಯಾಗಲು ಬಿಸಿ ಒಳ್ಳೆಯದು, ಇದಕ್ಕೆ ಬಿಸಿ ಅಂದರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಹೀಟರ್ ಹಾಕಿದ ಎರಡು ದಿನದಲ್ಲಿ ಐದು ಮೀನು ಹೋದವು. ದಯವಿಟ್ಟು ಸರಿಯಾಗಿ ನೋಡದೆ ಹೀಟರ್ ತಿರುಗಿಸಬೇಡಿ: ಉಪ್ಪಿನ ಕಾಳಿನ ಹಾಗೆ ಬಿಡಿಬಿಡಿ ಚುಕ್ಕೆ ಇದ್ದರೆ ಒಂದು ಲೆಕ್ಕ, ಪಟ್ಟೆ ಅಥವಾ ಮೆತ್ತಿದ ಹಾಗಿದ್ದರೆ ಬೇರೆಯೇ ಲೆಕ್ಕ.

ಫೆಬ್ರವರಿ, ಮಾರ್ಚ್

ಬೇರೆ ಅಂಗಡಿಯಿಂದ 10 ತಂದೆ. ಈ ಸಲ ನೇರ ಟ್ಯಾಂಕಿಗೆ ಬಿಡದೆ ಬೇರೆ ಟಬ್ಬಿನಲ್ಲಿ ಇಟ್ಟೆ. ಬ್ಯಾಗಿನ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಅಳತೆ, 210 ಇತ್ತು, ನಮ್ಮ ಬೋರ್‌ವೆಲ್ ನೀರು 780. ಹೋದ ಸಲ ಬ್ಯಾಗನ್ನು ಅರ್ಧ ಗಂಟೆ ತೇಲಿಸಿ ಸುರಿದುಬಿಟ್ಟಿದ್ದೆ, ಬಿಸಿ ತಂಪು ಸಮ ಆದರೆ ಸಾಕು ಅಂತ. ಈ ಸಲ ಏರ್ ಪೈಪಿನಿಂದ ಹನಿಹನಿಯಾಗಿ ಮೂರು ಗಂಟೆ ನೀರು ಬಿಟ್ಟೆ.

ಬೋರ್ ನೀರು ಗಡಸು, ಮೀನಿಗೆ ಆಗಿಬರಲ್ಲ, ಆರ್‌ಒ ನೀರು ಹಾಕಿ ಅಂತ ತುಂಬಾ ಜನ ಹೇಳುತ್ತಾರೆ. ಗಪ್ಪಿಯ ವಿಷಯದಲ್ಲಿ ಇದು ಪೂರ್ತಿ ಉಲ್ಟಾ. ಗಪ್ಪಿಗೆ ಗಡಸು ನೀರೇ ಬೇಕು, ಪಿಎಚ್ 7ರಿಂದ 8ರವರೆಗೆ ಇದ್ದರೆ ಒಳ್ಳೆಯದು, ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿಸಿದರೆ ಉಪ್ಪು ನೀರಿನಲ್ಲೂ ಬದುಕುತ್ತದೆ. ಬರೀ ಆರ್‌ಒ ನೀರಿನಲ್ಲಿಟ್ಟರೆ ಒಳಗಿಂದ ಸೊರಗುತ್ತದೆ. ಮೀನಿಗೆ ಏಟು ಬೀಳುವುದು ಒಂದು ನೀರಿನಿಂದ ಇನ್ನೊಂದಕ್ಕೆ ಒಂದೇ ಸಲಕ್ಕೆ ಹೋದಾಗ. ಕೆಲವು ಫಾರಂಗಳಲ್ಲಿ ಉಪ್ಪು ಬೆರೆಸಿದ ನೀರಿನಲ್ಲಿ ಸಾಕುತ್ತಾರೆ, ಸಾಗಿಸುವ ನೀರಿಗೆ ಔಷಧಿ ಹಾಕುತ್ತಾರೆ. ಮರಿಯಿಂದ ನಮ್ಮ ಮನೆಗೆ ಬರುವಷ್ಟರಲ್ಲಿ ಆ ಮೀನು ಕಡಿಮೆ ಅಂದರೂ ಮೂರು ನೀರು ಕಂಡಿರುತ್ತದೆ. ಅಂಗಡಿಯಲ್ಲಿ ಚೆನ್ನಾಗಿ ಈಜುತ್ತಿದ್ದದ್ದು ಮನೆಯಲ್ಲಿ ನಾಲ್ಕನೇ ದಿನಕ್ಕೆ ಮಲಗಿದರೆ ಅದರಲ್ಲಿ ಆಶ್ಚರ್ಯ ಇಲ್ಲ ಅಲ್ವಾ.

ಈ ಹತ್ತರಲ್ಲಿ ಕಾಲಮ್ನಾರಿಸ್ ಬರಲಿಲ್ಲ. ಆದರೆ ಮೂರನೇ ವಾರ ಒಂದು ಹೆಣ್ಣಿನ ಹಿಂಭಾಗದಲ್ಲಿ, ಹಿಕ್ಕೆ ಬರುವ ಜಾಗದಲ್ಲಿ, ಮೂರು ಸಣ್ಣ ಕೆಂಪು ಎಳೆ ಕಾಣಿಸಿತು. ಮೀನು ನಿಂತಾಗ ಹೊರಗೆ ಬರುತ್ತಿದ್ದವು, ಅಲುಗಿದರೆ ಒಳಗೆ ಹೋಗುತ್ತಿದ್ದವು. ಮೀನಿನ ಕರುಳಿನಲ್ಲಿ ಬದುಕುವ ಕಮಲಾನಸ್ ಅನ್ನುವ ಹುಳ. ಇವು ಟ್ಯಾಂಕಿನಲ್ಲಿ ಮೀನಿನಿಂದ ಮೀನಿಗೆ ಸೀದಾ ಹಬ್ಬುತ್ತವೆ, ಹಾಗಾಗಿ ಒಂದರಲ್ಲಿ ಕಂಡರೆ ಎಲ್ಲದರಲ್ಲೂ ಇದೆ ಅಂತಲೇ ಹಿಡಿಯಬೇಕು. ಲೆವಮಿಸೋಲ್ ಅನ್ನುವ ಹುಳದ ಔಷಧಿ ಕೊಟ್ಟೆ, ಲೀಟರಿಗೆ 2 ಮಿಲಿಗ್ರಾಂ, ಅಂದರೆ 75 ಲೀಟರಿಗೆ 150 ಮಿಲಿಗ್ರಾಮಿನ ಒಂದು ಮಾತ್ರೆ ಪುಡಿ ಮಾಡಿ. ಬೆಳಕಿಗೆ ಈ ಔಷಧಿ ಕೆಡುತ್ತದೆ, ಅದಕ್ಕೆ ಲೈಟ್ ಆರಿಸಿ ಬೆಡ್‌ಶೀಟ್ ಹೊದಿಸಿದ್ದೆ. ಒಂದು ಮುಖ್ಯ ವಿಷಯ: ಇದು ಹುಳವನ್ನು ಸಾಯಿಸುವುದಿಲ್ಲ, ಮರಗಟ್ಟಿಸುತ್ತದೆ. ಹುಳ ಹಿಡಿತ ಬಿಟ್ಟು ಕೆಳಗೆ ಬೀಳುತ್ತದೆ. ಮಾರನೇ ದಿನ ತಳವನ್ನು ಪೈಪಿನಿಂದ ಪೂರ್ತಿ ಎಳೆದು ಚೆಲ್ಲದಿದ್ದರೆ ಮತ್ತೆ ಮೀನಿನ ಹೊಟ್ಟೆ ಸೇರುತ್ತದೆ. ಮೂರು ವಾರ ಬಿಟ್ಟು ಇನ್ನೊಂದು ಸಲ ಕೊಟ್ಟೆ. ಅಂಗಡಿ ಗಪ್ಪಿಯಲ್ಲಿ ಕೊನೆಗೆ ಉಳಿದದ್ದು ಒಟ್ಟು 5: ಮೂರು ಗಂಡು, ಎರಡು ಹೆಣ್ಣು.

ಏಪ್ರಿಲ್

ಯುಗಾದಿ ಮುಗಿದ ಮೇಲೆ ತಿಪಟೂರಿನ ಹತ್ತಿರ ಮಾವನ ತೋಟಕ್ಕೆ ಹೋಗಿದ್ದೆ. ತೆಂಗಿನ ಮರದ ಕೆಳಗೆ ಸಿಮೆಂಟ್ ತೊಟ್ಟಿ, ನೀರು ಪಾಚಿ ಕಟ್ಟಿ ಹಸಿರು, ಅದರ ತುಂಬಾ ಗಪ್ಪಿ. ಸೊಳ್ಳೆ ತಡೆಯಲು ಆರೋಗ್ಯ ಇಲಾಖೆಯವರು ಹಳ್ಳಿ ಹಳ್ಳಿಗೆ ಗಪ್ಪಿಯನ್ನೂ ಗಂಬೂಸಿಯಾ ಅನ್ನುವ ಇನ್ನೊಂದು ಮೀನನ್ನೂ ಬಿಡುತ್ತಾರಲ್ಲ, ಆ ಗಪ್ಪಿಗಳ ಸಂತತಿ. ಏನು ಹಾಕ್ತೀರಿ ಅಂತ ಕೇಳಿದೆ. "ಏನೂ ಹಾಕಲ್ಲ ಕಣೋ, ಸೊಳ್ಳೆಮರಿ ತಿಂದ್ಕೊಂಡು ಇರ್ತವೆ, ಹತ್ತು ವರ್ಷ ಆಯ್ತು" ಅಂದರು. ಫಿಲ್ಟರ್ ಇಲ್ಲ, ಹೀಟರ್ ಇಲ್ಲ, ಬೇಸಿಗೆಯಲ್ಲಿ ನೀರು ಕೈಗೆ ಬೆಚ್ಚಗೆ ತಾಗುತ್ತದೆ. ಗಂಡಿಗೆ ಬಾಲದ ಬುಡದಲ್ಲಿ ಒಂದು ಕಿತ್ತಳೆ ಚುಕ್ಕೆ, ಒಂದು ಕಪ್ಪು ಚುಕ್ಕೆ, ಅಷ್ಟೇ ಬಣ್ಣ. ಆದರೆ ಬೆರಳು ಅದ್ದಿದರೆ ಬಾಣದ ಹಾಗೆ ಹೋಗುತ್ತಿದ್ದವು.

ನನಗೆ ಹೊಳೆದದ್ದು ಅಲ್ಲೇ. ಜಾತಿ ಒಂದೇ. ಅಂಗಡಿಯ ಮೀನನ್ನು ಬಾಲ ನೋಡಿ, ಬಣ್ಣ ನೋಡಿ ಆರಿಸಿದ್ದಾರೆ, ಆ ಬಣ್ಣ ನಿಲ್ಲಿಸಲು ಅಣ್ಣ ತಂಗಿಯನ್ನೇ ಮತ್ತೆ ಮತ್ತೆ ಕೂಡಿಸಿದ್ದಾರೆ. ಸೊರಗಿದ ಮರಿಯೂ ಬಾಲ ಚಂದ ಇದ್ದರೆ ಮುಂದಿನ ತಲೆಮಾರಿಗೆ ತಾಯಿ ಆಗುತ್ತದೆ. ತೊಟ್ಟಿಯಲ್ಲಿ ಆ ಕೆಲಸವನ್ನು ಬಿಸಿಲು, ಕಪ್ಪೆ, ಮಿಂಚುಳ್ಳಿ ಮಾಡುತ್ತವೆ, ಅವುಗಳಿಗೆ ಬಾಲದ ಚಂದ ಬೇಕಿಲ್ಲ. ಇವೆರಡನ್ನು ಕೂಡಿಸಿ ನೋಡೋಣ ಅಂತ 15 ಹಿಡಿದು ತಂದೆ.

ಮೇ

ತೊಟ್ಟಿಯ 6 ಹೆಣ್ಣುಗಳನ್ನು ಸೀದಾ ಅಂಗಡಿ ಗಪ್ಪಿಗಳ ಟ್ಯಾಂಕಿಗೆ ಬಿಟ್ಟೆ. ಆ ಐದೂ ಒಂದು ತಿಂಗಳಿಂದ ಆರೋಗ್ಯವಾಗಿದ್ದವು, ತಿನ್ನುತ್ತಿದ್ದವು, ಭಯ ಇಲ್ಲ ಅಂದುಕೊಂಡೆ.

ಹತ್ತು ದಿನದಲ್ಲಿ ಆರರಲ್ಲಿ ಐದು ಸತ್ತವು. ಬಾಯಿ ಬಿಳಿಚಿ, ಬಾಲ ಕೊಳೆತು. ಅಂಗಡಿ ಮೀನು ಒಂದಕ್ಕೂ ಏನೂ ಆಗಲಿಲ್ಲ.

ಇದು ನನಗೆ ತುಂಬಾ ನೋವು ಕೊಟ್ಟಿತು. ಹತ್ತು ವರ್ಷ ಯಾರೂ ನೋಡಿಕೊಳ್ಳದೆ ಬದುಕಿದ ಸಂತತಿಯ ಮೀನನ್ನು ನಾನು ಹತ್ತು ದಿನದಲ್ಲಿ ಕೊಂದೆ. ಆದರೆ ಈ ಇಡೀ ವರ್ಷದಲ್ಲಿ ನಾನು ಕಲಿತ ಮುಖ್ಯ ವಿಷಯ ಇದೇ: ಗಟ್ಟಿ ಅನ್ನುವುದು ಒಂದೇ ಗುಣ ಅಲ್ಲ. ತೊಟ್ಟಿಯ ಮೀನು ಬಿಸಿಲಿಗೆ ಗಟ್ಟಿ, ಹಸಿವಿಗೆ ಗಟ್ಟಿ, ಆದರೆ ಅಂಗಡಿಯ ರೋಗಗಳನ್ನು ಅದು ಯಾವತ್ತೂ ಕಂಡೇ ಇಲ್ಲ. ಅಂಗಡಿಯಿಂದ ಬಂದು ಉಳಿದ ಮೀನಿನ ಮೈಯಲ್ಲಿ ಆ ರೋಗ ಸುಮ್ಮನೆ ಕೂತಿರುತ್ತದೆ, ಮೀನು ಅದಕ್ಕೆ ಒಗ್ಗಿಕೊಂಡಿರುತ್ತದೆ. ಹೊಸ ಮೀನು ತಂದು ಬಿಟ್ಟ ಮೇಲೆ ಹಳೆಯವೇ ಸತ್ತವು, ಹೊಸವು ಚೆನ್ನಾಗಿವೆ ಅಂತ ಎಷ್ಟೋ ಜನ ಗೊಂದಲ ಪಡುತ್ತಾರಲ್ಲ, ಅದು ಹೀಗೆ.

ಜೂನ್‌ನಿಂದ ಆಗಸ್ಟ್

ಉಳಿದ ತೊಟ್ಟಿ ಮೀನುಗಳು ಬಾಲ್ಕನಿಯ ಟಬ್ಬಿನಲ್ಲಿ ಬೇರೆ ಇದ್ದವು, ಅವು ಮರಿ ಹಾಕಿದ್ದವು. ಗಪ್ಪಿ ಹೆಣ್ಣು ಒಂದು ಸಲ ಕೂಡಿದರೆ ಗಂಡಿನ ಬೀಜವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಳ್ಳುತ್ತದೆ. ದೊಡ್ಡ ಹೆಣ್ಣನ್ನು ತಂದು ಅಂಗಡಿ ಗಂಡಿನ ಜೊತೆ ಬಿಟ್ಟರೆ ಮರಿ ಯಾರದ್ದು ಅಂತ ಹೇಳಲು ಬರುವುದಿಲ್ಲ. ಹಾಗಾಗಿ ಮರಿಗಳಿಗೆ ನಾಲ್ಕು ವಾರ ತುಂಬುವ ಮೊದಲೇ ಗಂಡು ಹೆಣ್ಣು ಬೇರೆ ಮಾಡಬೇಕು. ಟಾರ್ಚ್ ಹಿಡಿದು ಗುದದ ರೆಕ್ಕೆ ನೋಡುವುದು: ಬೀಸಣಿಗೆಯ ಹಾಗೆ ಅಗಲ ಇದ್ದರೆ ಹೆಣ್ಣು, ಕಡ್ಡಿಯ ಹಾಗೆ ಚೂಪಾಗುತ್ತಿದ್ದರೆ ಗಂಡು. ನನ್ನ ಮಗಳು ನನಗಿಂತ ಚೆನ್ನಾಗಿ ಗುರುತು ಹಿಡಿಯುತ್ತಾಳೆ. 9 ಹೆಣ್ಣು ಸಿಕ್ಕವು.

ಈ ಸಲ ಆತುರ ಮಾಡಲಿಲ್ಲ, ಅಂಗಡಿಯ ರೋಗಗಳಿಗೆ ಇವು ಸ್ವಲ್ಪ ಸ್ವಲ್ಪವೇ ಒಗ್ಗಲಿ ಅಂದುಕೊಂಡೆ. ಜೂನ್ ಕೊನೆಯಿಂದ ವಾರಕ್ಕೊಮ್ಮೆ ಅಂಗಡಿ ಟ್ಯಾಂಕಿನ ಎರಡು ಮಗ್ ನೀರು ಹೆಣ್ಣುಗಳ ಟಬ್ಬಿಗೆ, ಲೀಟರಿಗೆ 2 ಗ್ರಾಂ ಕಲ್ಲುಪ್ಪು. ಎರಡು ಸತ್ತವು, ಏಳು ನಿಂತವು. ಆಗಸ್ಟಿನಲ್ಲಿ ಹೆಣ್ಣುಗಳನ್ನು ಕದಲಿಸದೆ, ಅವುಗಳ ಟಬ್ಬಿಗೇ ಒಂದು ಅಂಗಡಿ ಗಂಡನ್ನು ಬಿಟ್ಟೆ.

ಸೆಪ್ಟೆಂಬರ್‌ನಿಂದ ಈಗಿನವರೆಗೆ

ಬೆರಕೆ ಮರಿ ಒಟ್ಟು 61. ಅದೇ ಹೊತ್ತಿಗೆ ಅಂಗಡಿಯ ಎರಡು ಹೆಣ್ಣೂ ಅಂಗಡಿ ಗಂಡಿನಿಂದ 29 ಮರಿ ಹಾಕಿದವು. ಎರಡಕ್ಕೂ ಅದೇ ನೀರು, ಅದೇ ಊಟ, ಪಕ್ಕಪಕ್ಕದ ಟಬ್. ನವೆಂಬರ್ ಕೊನೆಗೆ ಬೆರಕೆಯಲ್ಲಿ 52 ಇವೆ. ಅಂಗಡಿ ಮರಿಯಲ್ಲಿ 13. ಅದರಲ್ಲೂ ಎರಡಕ್ಕೆ ಬೆನ್ನು ಡೊಂಕು. ಇದು ಒಂದು ಮನೆಯ ಲೆಕ್ಕ, ಊರಿಗೆಲ್ಲ ತೀರ್ಮಾನ ಹೇಳುವಷ್ಟು ದೊಡ್ಡದಲ್ಲ, ಆದರೆ ಕಣ್ಣೆದುರೇ ಕಾಣುವ ವ್ಯತ್ಯಾಸ.

ಬಣ್ಣ ಪೂರ್ತಿ ಹೋಗುತ್ತದೆ ಅಂತ ಹೆದರಿದ್ದೆ, ಹಾಗಾಗಲಿಲ್ಲ. ಗಪ್ಪಿಯ ಎಷ್ಟೋ ಬಣ್ಣಗಳು ಅಪ್ಪನಿಂದ ಮಗನಿಗೆ ಮಾತ್ರ, ವೈ ಕ್ರೋಮೋಸೋಮಿನ ಮೂಲಕ ಬರುತ್ತವೆ. ಡೆನ್ಮಾರ್ಕಿನ ವಿಜ್ಞಾನಿ ವಿಂಗೆ 1922ರಲ್ಲೇ ಇದನ್ನು ಗಪ್ಪಿಯಲ್ಲಿ ತೋರಿಸಿದ್ದರು. ನಮ್ಮ ಬೆರಕೆ ಗಂಡುಗಳಿಗೆ ಅಪ್ಪನ ಕೆಂಪು, ಮೈಯ ಹಸಿರು ಹೊಳಪು ಬಂದಿದೆ. ಬಾಲ ಮಾತ್ರ ಮೋಟು. ನನಗೆ ಅದೇ ಇಷ್ಟ, ಉದ್ದ ಬಾಲ ಎಳೆದುಕೊಂಡು ಒದ್ದಾಡುವುದಿಲ್ಲ. ಹೆಣ್ಣುಗಳು ಅಮ್ಮನ ಹಾಗೇ ಬೂದು.

ಬೆನ್ನು ಡೊಂಕಾದ ಎರಡರಲ್ಲಿ ಒಂದು ತಿಂದರೂ ಸೊರಗುತ್ತಾ ಬಂತು. ಮೀನಿನ ಕ್ಷಯ ಹೀಗೂ ಕಾಣಿಸಬಹುದು, ಅದು ಕೈಯ ಗಾಯದ ಮೂಲಕ ನಮ್ಮ ಚರ್ಮಕ್ಕೂ ಅಂಟಬಲ್ಲದು. ಲವಂಗದ ಎಣ್ಣೆಯಲ್ಲಿ ಆ ಮರಿಯನ್ನು ನೋವಿಲ್ಲದೆ ಕಳಿಸಿದೆ. ಅವತ್ತಿನಿಂದ ಗ್ಲೌಸ್ ಇಲ್ಲದೆ ಆ ಟಬ್ಬಿಗೆ ಕೈ ಹಾಕಿಲ್ಲ, ಮಗಳಿಗೂ ಹಾಕಲು ಬಿಡುವುದಿಲ್ಲ. ಆ ಟಬ್ಬಿನ ಬಲೆ, ಪೈಪು, ಮಗ್ ಎಲ್ಲ ಬೇರೆ.

ಮುಂದಿನ ಕೆಲಸ ಬೆರಕೆ ಹೆಣ್ಣುಗಳನ್ನು ಮತ್ತೆ ಬೆರಕೆ ಗಂಡಿಗೆ ಬಿಡುವುದು, ಆದರೆ ಒಂದೇ ತಾಯಿಯ ಮರಿಗಳನ್ನು ಕೂಡಿಸದ ಹಾಗೆ. ಅದಕ್ಕೇ ಯಾವ ಮರಿ ಯಾವ ತಾಯಿಯದ್ದು ಅಂತ ಟಬ್ಬಿಗೆ ಚೀಟಿ ಅಂಟಿಸಿದ್ದೇನೆ.

ಹೋದ ವಾರ ಮಾವ ಬಂದಿದ್ದರು. ಕೆಂಪು ಗಂಡುಗಳನ್ನು ನೋಡಿ, ನಾಲ್ಕು ಕೊಡೋ, ತೊಟ್ಟಿಗೆ ಬಿಡ್ತೀನಿ ಅಂದರು. ಆಗಲ್ಲ ಮಾವ, ಇವು ಹೋದರೆ ನಿಮ್ಮ ತೊಟ್ಟಿಯವು ಉಳಿಯಲ್ಲ ಅಂತ ಮೇ ತಿಂಗಳ ಪುಟ ತೆಗೆದು ತೋರಿಸಿದೆ. ಪೂರ್ತಿ ಓದಿದರು. ಹಾಗಾದ್ರೆ ಮನೆ ಮುಂದೆ ಬೇರೆ ಟಬ್ ಇಡ್ತೀನಿ, ಅದಕ್ಕೆ ಕೊಡು ಅಂದರು. ಸಂಕ್ರಾಂತಿಗೆ ಹೋಗುವಾಗ ಆರು ತೆಗೆದುಕೊಂಡು ಹೋಗಬೇಕು, ಜೊತೆಗೆ ಅವರಿಗೆ ಅಂತ ಒಂದು ಬೇರೆ ಬಲೆ.