ಬಡ್ಡಿ ಇಲ್ಲದ ಸಾಲ ತಗೊಂಡು ಒಟ್ಟಾವಾದ ಮನೆ ಬೆಚ್ಚಗೆ ಮಾಡಿಕೊಂಡಿದ್ದು

ಹೋದ ವಾರ ಸಾಗರದಿಂದ ತಮ್ಮ ಫೋನ್ ಮಾಡಿದ್ದ. ಮನೆ ಮೇಲೆ ಸೋಲಾರ್ ಹಾಕಿಸೋ ಯೋಚನೆ ಅವನದು. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಸಿಗುತ್ತೆ, ಆದರೆ ಪ್ಯಾನೆಲ್ ಹಾಕಿ ಮೀಟರ್ ಕೂರಿಸಿದ ಮೇಲೇ ದುಡ್ಡು ಖಾತೆಗೆ ಬರೋದು. "ಅಕ್ಕಾ, ನೀವೂ ಅಲ್ಲಿ ಸರ್ಕಾರದ ದುಡ್ಡಲ್ಲಿ ಮನೆ ರಿಪೇರಿ ಮಾಡಿಸಿದ್ರಲ್ಲ, ಅದು ಹೇಗೆ?" ಅಂತ ಕೇಳಿದ. ಫೋನಲ್ಲಿ ಅರ್ಧಂಬರ್ಧ ಹೇಳಿದೆ. ಕೆನಡಾಕ್ಕೆ ಬಂದು ಹಳೇ ಮನೆ ಕೊಳ್ಳೋರಿಗೂ ಉಪಯೋಗ ಆಗಬಹುದು ಅಂತ ಇಲ್ಲಿ ಪೂರ್ತಿ ಬರೀತಿದ್ದೇನೆ.

ನಾವು ಒಟ್ಟಾವಾದಲ್ಲಿ ಮನೆ ಕೊಂಡಿದ್ದು 2021ರ ಕೊನೆಗೆ. ಮನೆ ಕಟ್ಟಿದ್ದು 1974ರಲ್ಲಿ. ಇಲ್ಲಿ ಜನವರಿಯಲ್ಲಿ ಮೈನಸ್ 25, ಕೆಲವು ರಾತ್ರಿ ಮೈನಸ್ 30 ಕೂಡ ಆಗುತ್ತೆ. ಮೊದಲನೇ ಚಳಿಗಾಲದಲ್ಲಿ ಗ್ಯಾಸ್ ಫರ್ನೇಸ್ ಹಗಲೂ ರಾತ್ರಿ ಓಡ್ತಾನೇ ಇತ್ತು, ಆದರೂ ಮಕ್ಕಳ ರೂಮಿನಲ್ಲಿ ಸ್ವೆಟರ್ ಹಾಕ್ಕೊಂಡೇ ಮಲಗಬೇಕು. ಸೂರಿನ ಅಂಚಿಗೆ ಮಾರುದ್ದ ಹಿಮಗಡ್ಡೆ ನೇತಾಡ್ತಿದ್ದವು. ಮಕ್ಕಳಿಗೆ ಅದನ್ನ ನೋಡಿದರೆ ಖುಷಿ. ನನಗೂ ಚಂದ ಕಾಣ್ತಿತ್ತು. ಮನೆಯ ಬಿಸಿಯೆಲ್ಲ ಅಟ್ಟದಿಂದ ಹೊರಗೆ ಹೋಗ್ತಿದೆ, ಅದಕ್ಕೇ ಸೂರಿನ ಮೇಲಿನ ಹಿಮ ಕರಗಿ ಅಂಚಿಗೆ ಬಂದು ಮತ್ತೆ ಹೆಪ್ಪುಗಟ್ಟುತ್ತಿದೆ ಅಂತ ಆಮೇಲೆ ಗೊತ್ತಾಯಿತು. ಆ ಗಡ್ಡೆ ಕಟ್ಟೆಯ ಹಾಗೆ ನಿಂತರೆ ನೀರು ಹಿಂದಕ್ಕೆ ಸರಿದು ಮನೆಯೊಳಗೆ ಸೋರುತ್ತೆ.

ಮಲೆನಾಡಲ್ಲಿ ಹುಟ್ಟಿ ಬೆಳೆದವಳಿಗೆ ಇದು ಹೊಸದು. ನಮ್ಮ ಹೆಂಚಿನ ಮನೆಯಲ್ಲಿ ಗಾಳಿ ಆಡಲಿ, ಒಲೆ ಹೊಗೆ ಹೋಗಲಿ ಅಂತ ಸಂದಿ ಬಿಟ್ಟೇ ಕಟ್ಟುತ್ತಿದ್ದರು. ಇಲ್ಲಿ ಒಂದು ಸಂದಿ ಇದ್ದರೂ ಅದರಲ್ಲಿ ದುಡ್ಡು ಹೊರಗೆ ಹೋಗುತ್ತೆ.

ಆಗ ಕೇಂದ್ರ ಸರ್ಕಾರದ ಕೆನಡಾ ಗ್ರೀನರ್ ಹೋಮ್ಸ್ ಗ್ರಾಂಟ್ ಅಂತ ಒಂದಿತ್ತು. 2021ರ ಮೇ ತಿಂಗಳಲ್ಲಿ ಶುರುವಾಗಿದ್ದು. ಮನೆಯ ಶಾಖ ಉಳಿಸೋ ಕೆಲಸಕ್ಕೆ 5,000 ಕೆನಡಾ ಡಾಲರ್‌ವರೆಗೆ, ಮನೆ ತಪಾಸಣೆ ಖರ್ಚಿಗೆ ಬೇರೆಯಾಗಿ 600 ಡಾಲರ್‌ವರೆಗೆ, ವಾಪಸ್ ಕೊಡಬೇಕಾಗಿಲ್ಲ. 2022ರ ಜೂನ್‌ನಲ್ಲಿ ಅದರ ಜೊತೆಗೆ ಸಾಲವೂ ಬಂತು: 5,000ದಿಂದ 40,000 ಡಾಲರ್‌ವರೆಗೆ, ಬಡ್ಡಿ ಇಲ್ಲ, ಮನೆ ಅಡವಿಡಬೇಕಾಗಿಲ್ಲ, ತೀರಿಸೋಕೆ ಹತ್ತು ವರ್ಷ. ಬಡ್ಡಿ ಇಲ್ಲ ಅಂದಾಗ ನಮ್ಮನೆಯವರು ನಂಬಲೇ ಇಲ್ಲ, ಷರತ್ತುಗಳನ್ನ ಎರಡೆರಡು ಸಲ ಓದಿದರು. ನಿಜವಾಗಿಯೂ ಇರಲಿಲ್ಲ.

ಆದರೆ ಒಂದು ಕಟ್ಟುನಿಟ್ಟು ಇತ್ತು. ಕೆಲಸ ಶುರು ಮಾಡೋ ಮೊದಲೇ ಮನೆಯ ತಪಾಸಣೆ ಆಗಿರಬೇಕು, ಇಲ್ಲ ಅಂದರೆ ದುಡ್ಡು ಇಲ್ಲ. ಮುಗಿದ ಮೇಲೆ ಇನ್ನೊಂದು ಸಲ. ಮೊದಮೊದಲು ಸುಮ್ನೆ ಕಿರಿಕಿರಿ ಅನ್ನಿಸಿತ್ತು, ಚಳಿ ಹತ್ತಿರ ಬರ್ತಿದೆ, ಮನೆ ಬಿಸಿ ಮಾಡೋ ಹೊಸ ಮಿಷನ್ ತಂದು ಕೂರಿಸಿದರೆ ಆಯ್ತಲ್ಲ ಅಂತ. ಈಗ ಕೇಳಿದರೆ, ಆ ಇಡೀ ಯೋಜನೆಯಲ್ಲಿ ನಮಗೆ ಹೆಚ್ಚು ಉಪಯೋಗ ಆಗಿದ್ದು ಆ ನಿಯಮವೇ, 5,000 ಡಾಲರ್ ಆಮೇಲೆ.

ತಪಾಸಣೆಗೆ ಬಂದಾಕೆ ಮುಂಬಾಗಿಲು ತೆರೆದು ಚೌಕಟ್ಟಿಗೆ ಸರಿಯಾಗಿ ಒಂದು ಕೆಂಪು ಬಟ್ಟೆ ಬಿಗಿದರು. ಅದರ ಕೆಳಗೆ ದೊಡ್ಡ ಫ್ಯಾನ್. ಕಿಟಕಿಗಳನ್ನೆಲ್ಲ ಮುಚ್ಚಿಸಿ ಫ್ಯಾನ್ ಹಾಕಿದರೆ ಅದು ಮನೆಯ ಗಾಳಿಯನ್ನ ಹೊರಗೆ ಎಳೆಯುತ್ತೆ, ಆಗ ಎಲ್ಲೆಲ್ಲಿ ಸಂದಿ ಇದೆಯೋ ಅಲ್ಲಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತೆ. "ಕೈ ಹಿಡಿದು ನೋಡಿ" ಅಂದರು. ನಾನು ದೇವರ ಮನೆಯಿಂದ ಊದುಬತ್ತಿ ಹಚ್ಚಿಕೊಂಡು ಬಂದೆ, ಅವರಿಗೆ ಬಹಳ ಇಷ್ಟವಾಯಿತು. ಗೋಡೆಯ ಪ್ಲಗ್ ಪಾಯಿಂಟ್ ಹತ್ತಿರ ಹಿಡಿದರೆ ನೆಟ್ಟಗೆ ಏಳ್ತಿದ್ದ ಹೊಗೆ ಫಕ್ಕನೆ ಅಡ್ಡಕ್ಕೆ ಬಾಗಿತು. ಅಟ್ಟಕ್ಕೆ ಹತ್ತುವ ಮುಚ್ಚಳದ ಹತ್ತಿರ ಹೊಗೆ ನಿಲ್ಲಲೇ ಇಲ್ಲ. ಬೇಸ್‌ಮೆಂಟಲ್ಲಿ ಕಾಂಕ್ರೀಟ್ ಗೋಡೆಯ ಮೇಲೆ ಮರದ ತೊಲೆಗಳು ಕೂರೋ ಜಾಗದಲ್ಲಂತೂ ಸುತ್ತಲೂ ಗಾಳಿ. ಮಕ್ಕಳಿಬ್ಬರೂ ಊದುಬತ್ತಿ ಹಿಡಿದು ಮನೆಯಿಡೀ ಓಡಾಡಿದರು. ನಾವು ಮಾತ್ರ ಕಿಟಕಿಗಳದ್ದೇ ತಪ್ಪು, ಎಲ್ಲ ಬದಲಾಯಿಸಬೇಕು ಅಂತ ಲೆಕ್ಕ ಹಾಕಿ ಕೂತಿದ್ದೆವು. ಕಿಟಕಿಗಳಲ್ಲಿ ಅಷ್ಟೇನೂ ಗಾಳಿ ಬರ್ತಿರಲಿಲ್ಲ!

ಅವರು ಅಟ್ಟಕ್ಕೂ ಹತ್ತಿ ನೋಡಿದರು. ಬಿಸಿ ಹೊರಗೆ ಹೋಗದ ಹಾಗೆ ತಡೆಯೋ ಇನ್ಸುಲೇಶನ್ ಪದರ ಗೇಣುದ್ದವೂ ಇರಲಿಲ್ಲ. ಬಿಸಿ ಗಾಳಿ ಅಲ್ಲಿಂದ ಮೇಲೆ ಹೋಗುತ್ತೆ, ಹೋದಷ್ಟೇ ತಣ್ಣನೆ ಗಾಳಿ ಕೆಳಗೆ ಬೇಸ್‌ಮೆಂಟಿನಿಂದ ಒಳಗೆ ಬರುತ್ತೆ, ಅದನ್ನ ಫರ್ನೇಸ್ ಮತ್ತೆ ಕಾಯಿಸುತ್ತೆ. ಇಷ್ಟೇ ನಡೀತಿದ್ದದ್ದು. ವರದಿಯಲ್ಲಿ ನಮ್ಮ ಮನೆಯ ಶಕ್ತಿ ಬಳಕೆ ವರ್ಷಕ್ಕೆ 118 ಗಿಗಾಜೂಲ್ ಅಂತ ಬಂತು. ನಮ್ಮ ಲೆಕ್ಕದಲ್ಲಿ ಹೇಳಬೇಕು ಅಂದರೆ ಒಂದು ಗಿಗಾಜೂಲ್ ಅಂದರೆ ಸುಮಾರು 278 ಯೂನಿಟ್, ನೀವೇ ಗುಣಿಸಿ ನೋಡಿ.

ಆಮೇಲೆ 2023ರ ಬೇಸಿಗೆಯಲ್ಲಿ ಕೆಲಸ. ಮೊದಲು ಸಂದಿಗಳನ್ನೆಲ್ಲ ಮುಚ್ಚಿದರು. ನಂತರ ಹಳೇ ಪೇಪರ್ ಪುಡಿಯಿಂದ ಮಾಡಿದ ಸೆಲ್ಯುಲೋಸನ್ನ ಲಾರಿಯಿಂದ ಪೈಪಲ್ಲಿ ಅಟ್ಟಕ್ಕೆ ಊದಿ ತುಂಬಿದರು, ಒಂದೂವರೆ ಅಡಿ ಹತ್ತಿರ. ಬೆಂಕಿ ಹತ್ತದ ಹಾಗೆ ಅದಕ್ಕೆ ಮೊದಲೇ ಬೋರೇಟ್ ಬೆರೆಸಿರ್ತಾರೆ. ಕೊನೆಗೆ ಹೀಟ್ ಪಂಪ್. ಎಸಿಯನ್ನ ತಿರುಗಿಸಿ ಓಡಿಸಿದ ಹಾಗೆ, ಹೊರಗಿನ ತಣ್ಣನೆ ಗಾಳಿಯಲ್ಲೇ ಇರೋ ಶಾಖವನ್ನ ಎಳೆದು ಒಳಗೆ ತರುತ್ತೆ. ಒಂದು ಯೂನಿಟ್ ಕರೆಂಟಿಗೆ ಎರಡು ಮೂರು ಯೂನಿಟ್ ಶಾಖ. ಚಳಿ ಹೆಚ್ಚಾದಷ್ಟೂ ಅದು ಕಮ್ಮಿ ಆಗುತ್ತೆ, ಹಾಗಾಗಿ ತೀರಾ ಚಳಿಯ ರಾತ್ರಿಗೆ ಅಂತ ಹಳೇ ಫರ್ನೇಸನ್ನೂ ಇಟ್ಟುಕೊಂಡೆವು. ಸಂದಿ ಮುಚ್ಚೋ ಮೊದಲು ಒಬ್ಬ ಕಂಟ್ರಾಕ್ಟರ್ 3 ಟನ್ ಮಿಷನ್ ಬೇಕೇ ಬೇಕು ಅಂದಿದ್ದರು. ಮುಚ್ಚಿದ ಮೇಲೆ ಲೆಕ್ಕ ಹಾಕಿದರೆ 2 ಟನ್ ಸಾಕಾಯಿತು. ತಪಾಸಣೆ ಇಲ್ಲದೆ ಹೋಗಿದ್ದರೆ ದೊಡ್ಡ ಮಿಷನ್ ಕೊಂಡು ತೂತಿನ ಕೊಡಕ್ಕೆ ನೀರು ತುಂಬ್ತಾ ಇರ್ತಿದ್ದೆವು.

ದುಡ್ಡಿನ ಲೆಕ್ಕ: ಎಲ್ಲ ಸೇರಿ 23,000 ಡಾಲರ್. ಗ್ರಾಂಟ್ 5,000. ಉಳಿದ 18,000 ಸಾಲ, ಆಗಿನ ಲೆಕ್ಕದಲ್ಲಿ ಸುಮಾರು 11 ಲಕ್ಷ ರೂಪಾಯಿ. ತಿಂಗಳಿಗೆ 150 ಡಾಲರ್ ಕಂತು. ಇಲ್ಲಿ ಹುಷಾರಾಗಿರಬೇಕಾದ್ದು ಒಂದಿದೆ. ಸಾಲ ಮಂಜೂರಾದರೂ ಮುಂಗಡ ಅಂತ ಶೇ. 15ರವರೆಗೆ ಮಾತ್ರ ಸಿಗೋದು. ಉಳಿದದ್ದು ಎರಡನೇ ತಪಾಸಣೆ ಆದ ಮೇಲೆ. ಕಂಟ್ರಾಕ್ಟರ್ ಅಲ್ಲಿವರೆಗೆ ಕಾಯಲ್ಲ ಅಲ್ವಾ? ಉಳಿತಾಯದ ದುಡ್ಡೆಲ್ಲ ತೆಗೆದೆವು, ಕಮ್ಮಿ ಬಿದ್ದದ್ದಕ್ಕೆ ಸ್ನೇಹಿತರೊಬ್ಬರಿಂದ ಕೈಗಡ ತಗೊಂಡೆವು. ಆ ಎರಡು ತಿಂಗಳು ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ಕೈಯಲ್ಲಿ ಅಷ್ಟು ದುಡ್ಡಿಲ್ಲದವರಿಗೆ, ಅಂದರೆ ನಿಜವಾಗಿ ಬೇಕಾದವರಿಗೇ, ಇಂಥ ಯೋಜನೆ ಎಟುಕಲ್ಲ. ಬಾಡಿಗೆ ಮನೆಯಲ್ಲಿ ಇರೋರಿಗಂತೂ ಇದರಲ್ಲಿ ಏನೂ ಇರಲಿಲ್ಲ. ಇದು ನನಗೆ ಈಗಲೂ ಬೇಜಾರಿನ ವಿಷಯ.

ಎರಡನೇ ತಪಾಸಣೆಯಲ್ಲಿ 118 ಗಿಗಾಜೂಲ್ ಇದ್ದದ್ದು 74ಕ್ಕೆ ಇಳಿದಿತ್ತು.

ಹೊಸಬರಿಗೆ ಇನ್ನೊಂದು ಮಾತು ಹೇಳಲೇಬೇಕು. "ಸರ್ಕಾರದ ರಿಬೇಟ್ ಕೊಡಿಸ್ತೀವಿ" ಅಂತ ಮನೆಬಾಗಿಲಿಗೆ ಬರೋರನ್ನ ನಂಬಬೇಡಿ. ಒಟ್ಟಾವಾ ಇರೋ ಒಂಟಾರಿಯೊ ಪ್ರಾಂತ್ಯದಲ್ಲಿ ಫರ್ನೇಸ್, ಎಸಿ, ವಾಟರ್ ಹೀಟರ್ ಇಂಥವನ್ನ ಕರೆಯದೆ ಬಾಗಿಲಿಗೆ ಬಂದು ಮಾರೋದು 2018ರ ಮಾರ್ಚ್‌ನಿಂದಲೇ ನಿಷೇಧ. ನಮಗೆ ಪರಿಚಯದ ವಯಸ್ಸಾದ ದಂಪತಿ ಒಬ್ಬರು ಹೀಗೆ ಸಹಿ ಹಾಕಿದರು. ಅದು ಖರೀದಿ ಅಲ್ಲ, ಹತ್ತು ವರ್ಷದ ಬಾಡಿಗೆ ಕರಾರು. ಆ ಕಂಪನಿಯವರು ಮನೆಯ ದಾಖಲೆ ಮೇಲೂ ಸಾಲದ ನೋಟಿಸ್ ಹಾಕಿಸಿಬಿಟ್ಟಿದ್ದರು. ಮನೆ ಮಾರೋಕೆ ಹೋದಾಗಲೇ ಗೊತ್ತಾಗಿದ್ದು. ಇಂಥ ಮೋಸ ಜಾಸ್ತಿ ಆಗಿ 2024ರ ಜೂನ್‌ನಲ್ಲಿ ಒಂಟಾರಿಯೊ ಸರ್ಕಾರ ಆ ನೋಟಿಸ್‌ಗಳನ್ನೇ ನಿಷೇಧಿಸಿತು.

ಈಗ ಆ ಗ್ರಾಂಟ್ ಇಲ್ಲ, ಜನ ಮುಗಿಬಿದ್ದು ಅರ್ಜಿ ಹಾಕಿದ್ದರಿಂದ 2024ರ ಆರಂಭದಲ್ಲೇ ಹೊಸ ಅರ್ಜಿ ನಿಲ್ಲಿಸಿದರು. ಸಾಲಕ್ಕೂ 2025ರ ಅಕ್ಟೋಬರ್ 1ರಿಂದ ಬಾಗಿಲು ಹಾಕಿದೆ. ಒಂಟಾರಿಯೊದಲ್ಲಿ 2025ರ ಜನವರಿಯಿಂದ ಹೋಮ್ ರಿನೋವೇಶನ್ ಸೇವಿಂಗ್ಸ್ ಅಂತ ಬೇರೆ ಯೋಜನೆ ಬಂದಿದೆ, ಖರ್ಚಿನ ಶೇ. 30ರವರೆಗೆ ವಾಪಸ್ ಬರುತ್ತೆ. ಯಾವುದಕ್ಕೇ ಅರ್ಜಿ ಹಾಕಿದರೂ ಕೆಲಸ ಶುರು ಮಾಡೋ ಮೊದಲು ನಿಯಮ ಓದಿ.

ತಮ್ಮನಿಗೂ ಮೊದಲು ತಪಾಸಣೆ, ಆಮೇಲೆ ಕೆಲಸ ಅಂತಲೇ ಹೇಳಿದೆ. ಪ್ಯಾನೆಲ್ ಎಷ್ಟು ದೊಡ್ಡದು ಅಂತ ಆಮೇಲೆ ನೋಡು, ಮೊದಲು ಒಂದು ವರ್ಷದ ಕರೆಂಟ್ ಬಿಲ್ ತೆಗೆದು ಕೂತ್ಕೋ ಅಂತ. ನಿನ್ನೆ ಎಲ್ಲದರ ಫೋಟೋ ಕಳಿಸಿದ್ದಾನೆ. ಮಳೆಗಾಲದ ನಾಲ್ಕು ತಿಂಗಳು ಗೀಸರಿಗೇ ಜಾಸ್ತಿ ಹೋಗಿದೆ, ಬಿಸಿಲು ಇಲ್ಲದಿರೋದೂ ಆ ನಾಲ್ಕು ತಿಂಗಳೇ. ಬಚ್ಚಲ ಮನೆಯ ಹಂಡೆ ಒಲೆ ಇನ್ನೂ ಇದೆಯಾ ಅಂತ ಈ ಭಾನುವಾರ ಅಮ್ಮನನ್ನ ಕೇಳಬೇಕು. ಅಡಿಕೆ ಸಿಪ್ಪೆಗಂತೂ ಅಲ್ಲಿ ಬರ ಇಲ್ಲ.