ಕೈ ಸುಮ್ನೆ ಇಡೋಕೆ ಆಗಲ್ವಾ?

"ಇಷ್ಟು ದೊಡ್ಡವಳಾದೆ, ಕೈ ಸುಮ್ನೆ ಇಡೋಕೆ ಆಗಲ್ವಾ?" ಮದುವೆ ಮನೆಯಲ್ಲಿ ನೆಂಟರು ಕೇಳುತ್ತಾರೆ. ಆಫೀಸಿನಲ್ಲಿ ಇದೇ ಪ್ರಶ್ನೆ ಸ್ವಲ್ಪ ನಯವಾಗಿ ಬರುತ್ತದೆ. ಆಗುತ್ತೆ ಮಾರಾಯ್ರೆ. ಆದರೆ ಆಗ ನನ್ನಿಂದ ಬೇರೆ ಯಾವ ಕೆಲಸವೂ ಆಗಲ್ಲ.

ನನ್ನ ಕುರ್ತಾ ಜೇಬಿನಲ್ಲಿ ಯಾವಾಗಲೂ ಒಂದು ಹುಣಸೆ ಬೀಜ ಇರುತ್ತದೆ. ಚೌಕಾಬಾರ ಆಡೋಕೆ ಅಂತ ಅಜ್ಜಿ ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿದ್ದ ಬೀಜ. ಕಂದು ಮಗ್ಗುಲು ನುಣುಪು, ಬಿಳಿ ಮಗ್ಗುಲು ಸ್ವಲ್ಪ ತರಿತರಿ. ಹೆಬ್ಬೆರಳು ನುಣುಪಿನ ಮೇಲೆ ಜಾರಿ, ಅಂಚು ದಾಟಿ, ತರಿಗೆ ತಾಗುತ್ತದಲ್ಲ, ನನಗೆ ಬೇಕಾಗಿರೋದು ಅಷ್ಟೇ. ಮತ್ತೆ ಮತ್ತೆ ಬೇಕು. ಇದಕ್ಕೋಸ್ಕರ ಟೈಲರ್‌ಗೆ ಹೇಳಿ ಎಲ್ಲ ಕುರ್ತಾಗಳಿಗೂ ಜೇಬು ಹೊಲಿಸಿದ್ದೇನೆ. (ಹೆಂಗಸರ ಬಟ್ಟೆಗೆ ಜೇಬು ಯಾಕಿರಲ್ಲ ಅನ್ನೋದು ಬೇರೆಯದೇ ಜಗಳ.)

ಇದಕ್ಕೆ ಸ್ಟಿಮ್ಮಿಂಗ್ ಅನ್ನುತ್ತಾರೆ. ಎಲ್ಲರೂ ಅಷ್ಟಿಷ್ಟು ಮಾಡುತ್ತಾರೆ. ಪೆನ್ನು ಟಿಕ್ ಟಿಕ್ ಅನ್ನಿಸೋದು, ಕತ್ತಿನ ಸರ ಕಚ್ಚೋದು ಎಲ್ಲ ಅದೇ. ನನ್ನ ಹಾಗೆ ಆಟಿಸಂ ಇರುವವರಲ್ಲಿ ಜಾಸ್ತಿ. ಮಿಕ್ಸಿ, ಹಾರ್ನ್, ಟ್ಯೂಬ್‌ಲೈಟಿನ ಗುಂಯ್‌ಗುಡುವ ಸದ್ದು ಎಲ್ಲ ಒಟ್ಟಿಗೆ ತಲೆಗೆ ನುಗ್ಗಿದಾಗ, ನಾನು ಹೇಳಿದ ಹಾಗೆ ಕೇಳೋದು ಆ ಬೀಜ ಒಂದೇ.

ಚಿಕ್ಕವಳಿದ್ದಾಗ ಕೂತಲ್ಲೇ ಹಿಂದೆ ಮುಂದೆ ತೂಗುತ್ತಿದ್ದೆ. ಕಾಲೂ ಕುಣಿಯುತ್ತಿತ್ತು. "ಕಾಲು ಅಲ್ಲಾಡಿಸಬೇಡ ಕಣೇ, ಮನೆಗೆ ದರಿದ್ರ" ಅಂತ ಅಮ್ಮ ಗದರುತ್ತಿದ್ದರು. ಹಜಾರದ ಉಯ್ಯಾಲೆ ಮೇಲೆ ಕೂತು ಅರ್ಧ ದಿನ ತೂಗಿದರೂ ಯಾರೂ ಬೈಯುತ್ತಿರಲಿಲ್ಲ!

ಒಂದು ಸಲ ಮೀಟಿಂಗಿನಲ್ಲಿ ಮೇಲಿನವರೊಬ್ಬರು "ಗಮನ ಇಲ್ಲಿರಲಿ" ಅಂದರು. ಎರಡೂ ಕೈ ಮೇಜಿನ ಮೇಲಿಟ್ಟು ಒಂದು ಗಂಟೆ ಗೊಂಬೆ ಥರ ಕೂತೆ. ಅವರಿಗೆ ಸಮಾಧಾನ ಆಯಿತು. ಆಮೇಲೆ ನೋಟ್‌ಬುಕ್ ನೋಡಿದರೆ ಅದರಲ್ಲಿ ಆವತ್ತಿನ ತಾರೀಖು ಬಿಟ್ಟು ಒಂದಕ್ಷರ ಇಲ್ಲ. ಇಡೀ ಗಂಟೆ ಕೈ ಕಾಯೋದೇ ಕೆಲಸ ಆಗಿತ್ತು. ಬೆರಳು ಆಡುತ್ತಿದ್ದಾಗ ನಾನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದೆ. ಅದನ್ನು ಹೇಳೋಕೆ ಆವತ್ತು ಬಾಯಿ ಬರಲಿಲ್ಲ.

ನಾನೊಬ್ಬಳೇ ಹೀಗಲ್ಲ. ಸ್ಟೀವನ್ ಕ್ಯಾಪ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಆಟಿಸಂ ಇರುವ 32 ವಯಸ್ಕರನ್ನು ಮಾತಾಡಿಸಿದ್ದರು. ಸ್ಟಿಮ್ಮಿಂಗ್‌ನಿಂದ ಮನಸ್ಸು ತಹಬಂದಿಗೆ ಬರುತ್ತದೆ, ಅದನ್ನು ಬಿಡಿಸುವ ಚಿಕಿತ್ಸೆ ಬೇಡ ಅನ್ನೋದು ಅವರ ಮಾತು. ಓದಿ ಅಮ್ಮನಿಗೂ ಹೇಳಿದೆ. "ಹಂಗಾದ್ರೆ ಸರಿ" ಅಂದರು. ದರಿದ್ರದ ವಿಷಯ ಮತ್ತೆ ಎತ್ತಲಿಲ್ಲ.

ಹಾಗಂತ ಎಲ್ಲವನ್ನೂ ನಾನು ಸಮರ್ಥಿಸಲ್ಲ. ಉಗುರಿನ ಪಕ್ಕದ ಚರ್ಮವನ್ನು ರಕ್ತ ಬರುವ ತನಕ ಕೀಳುತ್ತಿದ್ದೆ. ಬೇವಿನೆಣ್ಣೆ ಹಚ್ಚಿದ್ದಾಯಿತು, ಪ್ಲಾಸ್ಟರ್ ಸುತ್ತಿದ್ದಾಯಿತು, ಬಿಡಲಿಲ್ಲ. ಕೈಗೆ ಬೇರೆ ಕೆಲಸ ಕೊಟ್ಟ ಮೇಲೇ ಕಡಿಮೆಯಾಗಿದ್ದು. ಬೀಜ ಜೇಬಿಗೆ ಬಂದಿದ್ದು ಆಗಲೇ. ಈಗಲೂ ತುಂಬ ಸುಸ್ತಾದ ದಿನ ಬೆರಳು ಹಳೇ ಜಾಗಕ್ಕೆ ಹೋಗುತ್ತದೆ.

ಮೊನ್ನೆ ಆ ಬೀಜ ಜೇಬಿನಲ್ಲೇ ಉಳಿದು ವಾಷಿಂಗ್ ಮೆಷಿನ್ ಸೇರಿತು. ಸಿಪ್ಪೆ ಬಿರಿದು, ನುಣುಪು ಹೋಗಿದೆ. ಪರವಾಗಿಲ್ಲ. ಚೌಕಾಬಾರಕ್ಕೆ ನಾಲ್ಕು ಬೀಜ ಅಲ್ವಾ, ಅಜ್ಜಿ ಡಬ್ಬಿಯಲ್ಲಿ ಇನ್ನೂ ಮೂರಿವೆ.