"ಯಾರಿಗ್ರಿ ಇದು, ಮಗನಿಗೇನ್ರಿ?"

ಅಲ್ಲ. ನನಗೆ.

ಹುಬ್ಬಳ್ಳಿಯ ನಮ್ಮ ಮನೆಗೆ ಬಂದವರೆಲ್ಲ ಶೋಕೇಸಿನಲ್ಲಿ ನಿಂತ ಟಿರಾನೋಸಾರಸ್ ರೆಕ್ಸ್ ಡೈನೋಸಾರ್ ನೋಡಿ ಇದನ್ನೇ ಕೇಳುತ್ತಾರೆ. ನನಗೇ ಅಂದ ಕೂಡಲೇ ಎರಡನೆಯದು ಬರುತ್ತದೆ: "ಇಷ್ಟು ದೊಡ್ಡವರಾಗಿ ಆಟಿಗಿ ಸಾಮಾನಿಗೆ ರೊಕ್ಕ ಹಾಕ್ತೀರೇನ್ರಿ?" ರಾತ್ರಿಯಿಡೀ ಕ್ರಿಕೆಟ್ ನೋಡುವವರಿಗೆ ಯಾರೂ ಹೀಗೆ ಕೇಳುವುದಿಲ್ಲ, ಅಲ್ವಾ?

ಇದು ಆಟಿಕೆ ಅಲ್ಲ, ಮಾಡೆಲ್ ಕಿಟ್. ಡಬ್ಬಿಯಲ್ಲಿ ಪ್ರಾಣಿ ಇರುವುದಿಲ್ಲ. ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ತುಂಡುಗಳಿರುತ್ತವೆ. ಕತ್ತರಿಸಬೇಕು, ಉಜ್ಜಬೇಕು, ಅಂಟಿಸಬೇಕು, ಸಂದಿಗೆ ಪುಟ್ಟಿ ತುಂಬಿ ಮತ್ತೆ ಉಜ್ಜಬೇಕು. ಅಳತೆ 35ಕ್ಕೆ 1. ಸುಮಾರು 12 ಮೀಟರ್ ಉದ್ದದ ಪ್ರಾಣಿ ಇಲ್ಲಿ 34 ಸೆಂಟಿಮೀಟರ್. ಜುಲೈ ಮಳೆಯಲ್ಲಿ ಸ್ಪ್ರೇ ಹೊಡೆಯುವುದಿಲ್ಲ. ಗಾಳಿಯ ತೇವಕ್ಕೆ ಬಣ್ಣದ ಮೇಲೆ ಬಿಳಿ ಮಂಕು ಕೂರುತ್ತದೆ.

ಒಮ್ಮೆ ಹಾವೇರಿ ಕಡೆಯ ದೊಡ್ಡಪ್ಪ ಬಂದಿದ್ದರು. ಎತ್ತು ಕೊಳ್ಳುವಾಗ ಮೊದಲು ಕಾಲು, ಗೊರಸು ನೋಡುವವರು. ಮಾಡೆಲ್ಲಿನ ಮುಂದೆ ಬಗ್ಗಿ ನಿಂತು ಕೇಳಿದರು: "ಎರಡ ಕಾಲ ಮ್ಯಾಲ ಇಷ್ಟ ದೊಡ್ಡ ತಲಿ. ಮುಂದ ಬೀಳೂದಿಲ್ಲೇನಪಾ?"

ಎಲ್ಲರೂ ಇದನ್ನು ಕೇಳಬೇಕಿತ್ತು!

ಬೀಳುವುದಿಲ್ಲ, ಯಾಕೆಂದರೆ ಬಾಲವಿದೆ. ಸೊಂಟದ ಹಿಂದೆ ಅಷ್ಟು ಭಾರದ ಬಾಲ ಚಾಚಿಕೊಂಡಿರುವುದರಿಂದ ಮುಂದಿನ ತಲೆಯ ಭಾರ ಸರಿಹೋಗುತ್ತದೆ. ಬಾಲದ ಬುಡದಿಂದ ತೊಡೆಯ ಎಲುಬಿಗೆ ಒಂದು ದಪ್ಪ ಸ್ನಾಯು ಬರುತ್ತದೆ. ಹೆಜ್ಜೆ ಹಾಕುವಾಗ ಕಾಲನ್ನು ಹಿಂದಕ್ಕೆ ಎಳೆಯುವುದು ಅದೇ. ಅಂಥ ಬಾಲವನ್ನು ಹಿಂದಿನವರು ನೆಲಕ್ಕೆ ಎಳೆಸಿದ್ದರು! ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ 1915ರಲ್ಲಿ ಟಿ. ರೆಕ್ಸ್ ಅಸ್ಥಿಪಂಜರವನ್ನು ಮೈ ನೆಟ್ಟಗೆ, ಬಾಲ ನೆಲಕ್ಕೆ ಇಟ್ಟು ನಿಲ್ಲಿಸಿದರು. ಬೆನ್ನು ಅಡ್ಡಕ್ಕೆ, ಬಾಲ ಮೇಲಕ್ಕೆ ಮಾಡಿ ಅದನ್ನು ಮತ್ತೆ ಜೋಡಿಸಿದ್ದು 1990ರ ದಶಕದಲ್ಲಿ. ಹಳೆ ಅಚ್ಚಿನ ಕಿಟ್‌ಗಳು ಇಂದಿಗೂ ಆ ಹಳೆ ಭಂಗಿಯಲ್ಲೇ ನಿಂತಿವೆ.

ನನ್ನದೂ ಅಂಥದೇ ಕಿಟ್. ಅದಕ್ಕೇ ಸೊಂಟದ ಹಿಂದೆ ಗರಗಸ ಹಾಕಿ ಬಾಲ ಬಿಡಿಸಿದೆ, ಒಳಗೆ ತಂತಿ ಕೂರಿಸಿ ಮೇಲೆತ್ತಿ ಅಂಟಿಸಿದೆ. ಮುಂಗೈಯನ್ನೂ ತಿರುಗಿಸಿದೆ. ಅಂಗೈ ನೆಲ ನೋಡುತ್ತಿತ್ತು. ನಿಜವಾದ ಪ್ರಾಣಿಯಲ್ಲಿ ಎರಡೂ ಅಂಗೈ ಎದುರುಬದುರಾಗಿದ್ದವು. ಡಬ್ಬಿಯ ಚಿತ್ರದಂತೆ ಸುಮ್ನೆ ಅಂಟಿಸಿಬಿಡಲು ನನ್ನಿಂದ ಆಗಲಿಲ್ಲ. 66 ದಶಲಕ್ಷ ವರ್ಷಗಳ ಹಿಂದೆ ಅಳಿದ ಪ್ರಾಣಿ ಅದು. ಅದು ಹೇಗೆ ನಿಲ್ಲುತ್ತಿತ್ತು ಅನ್ನುವುದು ಎಲುಬಿನಿಂದ ಗೊತ್ತಾಗಿರುವಾಗ ತಪ್ಪಾಗಿ ಯಾಕೆ ನಿಲ್ಲಿಸಬೇಕು?

ದೊಡ್ಡಪ್ಪ ಎಲ್ಲ ಕೇಳಿ, ಮತ್ತೊಂದು ಕೇಳಿದರು: "ಬಣ್ಣ ಯಾರ್ ನೋಡ್ಯಾರು?" ಯಾರೂ ನೋಡಿಲ್ಲ. ಚೀನಾದ ಪುಟ್ಟ ಡೈನೋಸಾರ್ ಸೈನೋಸಾರೋಪ್ಟೆರಿಕ್ಸ್‌ನ ಬಾಲದಲ್ಲಿ ಕೆಂಗಂದು ಪಟ್ಟೆಗಳಿದ್ದವು ಎಂದು 2010ರಲ್ಲಿ ತಿಳಿಯಿತು, ಅದರ ಗರಿಯಂಥ ಕೂದಲಲ್ಲಿ ಬಣ್ಣದ ಕಣಗಳ ಗುರುತು ಉಳಿದಿತ್ತು. ಟಿ. ರೆಕ್ಸ್‌ನ ಚರ್ಮದ ಅಚ್ಚುಗಳಲ್ಲಿ ಸಣ್ಣ ಹುರುಪೆಗಳು ಸಿಕ್ಕಿವೆ, ಬಣ್ಣ ಸಿಕ್ಕಿಲ್ಲ. ಹಾಗಾಗಿ ಬೆನ್ನಿಗೆ ಕಪ್ಪುಗಂದು, ಹೊಟ್ಟೆಗೆ ತಿಳಿ ಬಣ್ಣ ಹಚ್ಚಿದ್ದು ನನ್ನ ತೀರ್ಮಾನ. ಈ ಬಗ್ಗೆ ಜಗಳಕ್ಕೆ ಬರುವವರಿಗೆ ಚಹಾ ಮಾಡಿಕೊಡುತ್ತೇನೆ.

ಕೈಗೆ ಎತ್ತಿಕೊಂಡೇ ನೋಡುವವರು ಹೊಟ್ಟೆಯ ಕೆಳಗೆ ಹಿಡಿಯಿರಿ. ಬಾಲ ಹಿಡಿದು ಎತ್ತಬೇಡಿ, ನಾನು ಕತ್ತರಿಸಿ ಅಂಟಿಸಿದ ಜಾಗ ಅಲ್ಲೇ ಇದೆ.